ಹಂದಿ ದೊಡ್ಡಿಗಳಲ್ಲಿ ಸಾಂಕ್ರಾಮಿಕ ಜಾಡ್ಯದ ಮೂಲಶೋಧನೆ

ಮನೆಯ ಹಿತ್ತಲಿನಲ್ಲಿ ನಾಲ್ಕಾರು ಹಂದಿಗಳನ್ನು ಸಾಕುವುದಕ್ಕೂ, ಸಾವಿರಾರು ಹಂದಿಗಳನ್ನು ಒಂದೇ ಆವರಣದಲ್ಲಿ ಕೂಡಿ ವ್ಯಾಪಾರಕ್ಕಾಗಿ ಬೆಳೆಸುವುದಕ್ಕೂ ಬಹಳ ಅಂತರವುಂಟು. ಎರಡನೆಯ ಪದ್ಧತಿಯಲ್ಲಿ ಲಾಭವು ಹೆಚ್ಚು. ಆದರೆ ಸಾಂಕ್ರಾಮಿಕ ಜಾಡ್ಯವೊಂದು ಒಳಹೊಕ್ಕಿತೆಂದರೆ ನಷ್ಟವೂ ಅದೇ ಪ್ರಮಾಣದಲ್ಲಿ ಹೆಚ್ಚು. ಅಂತಹ ಸಮಯದಲ್ಲಿ ರೋಗವನ್ನು ತಪ್ಪಾಗಿ ನಿರ್ಧರಿಸಿದರೆ ಎಷ್ಟು ಅನರ್ಥವಾಗಬಹುದೆಂಬುದಕ್ಕೆ ಮಲೇಷಿಯಾ ದೇಶದಲ್ಲಿ ೧೯೯೮-೯೯ರಲ್ಲಿ ನಡೆದ ಸಂಗತಿಯು ತಕ್ಕ ನಿದರ್ಶನವಾಗಿದೆ.

ರೋಗದ ಆರಂಭ

ಆ ದೇಶದ ಪೆರಾಕ್ ಪ್ರಾಂತದ ಈಪೋ ಪಟ್ಟಣದ ಸಮೀಪದಲ್ಲಿ ದೊಡ್ಡ ಹಂದಿ ದೊಡ್ಡಿಗಳಿದ್ದುವು. ೧೯೯೮ನೆಯ ಸೆಪ್ಟೆಂಬರ್ ತಿಂಗಳಿನಲ್ಲಿ ಹಂದಿ ಸಾಕುವವರಿಗೆ ಜ್ವರವೂ ತಲೆನೋವೂ ಬಂದು, ಅನಂತರ ಪ್ರಜ್ಞೆ ತಪ್ಪಿ, ಕೆಲವರು ಮೃತರಾದರು. ಸೊಳ್ಳೆಗಳಿಂದ ಹರಡುವ ಜಪಾನೀ ಮಿದುಳುಜ್ವರವು ಆ ದೇಶಕ್ಕೆ ಹೊಸದಲ್ಲ. ಅದರ ವೈರಸ್ಸು ಹಂದಿಗಳ ದೇಹದಲ್ಲಿ ವೃದ್ಧಿ ಹೊಂದತಕ್ಕದ್ದು. ಕೆಲವು ರೋಗಿಗಳ ರಕ್ತಪರೀಕ್ಷೆಯೂ ಅದನ್ನೇ ಸೂಚಿಸಿದುದರಿಂದ, ಇದು ಅದೇ ರೋಗವೆಂದು ನಂಬಲಾಯಿತು. ಸೊಳ್ಳೆಗಳ ನಾಶಕ್ಕಾಗಿ ಔಷಧದ ಹೊಗೆ ಬಿಡಿಸಿದರು, ಲಸಿಕೆಯನ್ನು ಹಾಕಿಸಿದರು. ಆದಾಗ್ಯೂ ರೋಗವು ನಿಲ್ಲಲಿಲ್ಲ. ಭೀತರಾದ ಕೆಲವರು ಹಂದಿಗಳನ್ನು ಅಗ್ಗದ ಬೆಲೆಗೆ ಮಾರಿಬಿಟ್ಟರು. ಹೀಗೆ ಸಾಗಿಹೋದ ಹಂದಿಗಳ ಮೂಲಕ ರೋಗವು ದಕ್ಷಿಣದ ನೆಗ್ರಿ ಸೆಂಬಿಲಾನ್ ಪ್ರಾಂತವನ್ನು ಮುಟ್ಟಿತು.

ಸಂಶಯಕ್ಕೆ ಕಾರಣಗಳು

ಸೂಕ್ಷ್ಮವಾಗಿ ಪರಿಶೀಲಿಸಿದವರಿಗೆ ಕೆಲವು ಸಂಗತಿಗಳು ಹೊಂದಿಕೆಯಾಗದಂತೆ ತೋರಿದುವು. ಜಪಾನೀ ಮಿದುಳುಜ್ವರವು ಸಾಮಾನ್ಯವಾಗಿ ಮಕ್ಕಳನ್ನು ಹಿಡಿಯತಕ್ಕದ್ದು. ಇಲ್ಲಿ ರೋಗಿಗಳು ಬಹುಮಟ್ಟಿಗೆ ವಯಸ್ಕರಾದ ಗಂಡಸರು. ಸೊಳ್ಳೆಯು ಕಚ್ಚುವಾಗ ಕಸುಬನ್ನು ವಿಚಾರಿಸುವುದಿಲ್ಲ. ಇಲ್ಲಿಯಾದರೋ ಹಂದಿಗಳನ್ನು ಮುಟ್ಟಿ ಕೆಲಸಮಾಡುವವರಿಗೇ ರೋಗವು ತಗಲುತ್ತಿದ್ದಿತು. ಲಸಿಕೆ ಹಾಕಿಸಿಕೊಂಡವರೂ ರೋಗಕ್ಕೆ ಗುರಿಯಾದರು. ಇದಲ್ಲದೆ ಹಂದಿಗಳೂ ಕಾಯಿಲೆ ಬಿದ್ದಿದ್ದುವು: ಬೆಳೆಯುವ ಹಂದಿಗಳಲ್ಲಿ ಜ್ವರ, ಏದುಸಿರು, ನಾಯಿ ಬೊಗಳಿದಂತೆ ಕೇಳುವ ಗಟ್ಟಿಯಾದ ಕೆಮ್ಮು, ತಾಯಿಹಂದಿಗಳಲ್ಲಿ ನರಗಳ ವಿಕಾರ, ಕೆಲವೊಮ್ಮೆ ಹಠಾತ್ತಾದ ಸಾವು. ಬೆಳೆದ ಹಂದಿಗಳಲ್ಲಿ ಸಾಯುವವು ನೂರಕ್ಕೆ ಐದಕ್ಕಿಂತ ಹೆಚ್ಚಿರಲಿಲ್ಲವಾದುದರಿಂದ ಈ ಲಕ್ಷಣಗಳಿಗೆ ಮೊದಲು ತಕ್ಕ ಗಮನವು ದೊರೆಯಲಿಲ್ಲ.

ಮೂಲವು ಗೊತ್ತಾದ ಬಗೆ

೧೯೯೯ನೆಯ ಮಾರ್ಚಿಯಲ್ಲಿ ಮಲಯಾ ವಿಶ್ವವಿದ್ಯಾಲಯದ ಡಾಕ್ಟರ್ ಚುವಾ ಕಾವ್ ಬಿಂಗ್ ಎಂಬವರು ಸುಂಗೈ ನಿಪಾ ಗ್ರಾಮದ ರೋಗಿಯೊಬ್ಬನ ಮಿದುಳುಬಳ್ಳಿಯ ದ್ರವದಿಂದ ಹೊಸದೊಂದು ವೈರಸ್ಸನ್ನು ಬೇರ್ಪಡಿಸಿದರು. ಅಮೆರಿಕದ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದಾಗ, ಅದು ೧೯೯೪ರಲ್ಲಿ ಆಸ್ಟ್ರೇಲಿಯಾದ ಕುದುರೆಗಳಲ್ಲಿ ಕಂಡುಬಂದ ಹೆಂಡ್ರಾ ವೈರಸ್ಸಿನ ಜಾತಿಗೆ ಸೇರಿದುದೆಂದು ತಿಳಿದುಬಂದಿತು. ಆ ಗ್ರಾಮದ ಹೆಸರಿನಿಂದಲೇ ಅದಕ್ಕೆ ನಿಪಾ ಎಂಬ ಹೆಸರಾಯಿತು. ಒಂಬತ್ತು ಲಕ್ಷಕ್ಕೂ ಮೇಲ್ಪಟ್ಟು ಹಂದಿಗಳನ್ನು ಕೊಲ್ಲಿಸಿ ಹೂಳಿಸಿದ ಮೇಲೆ ರೋಗವು ಅಡಗಿತು. ಅಷ್ಟರಲ್ಲಿ ಮಲೇಷಿಯಾದಲ್ಲಿ ೨೬೫ ಜನರು ರೋಗಪೀಡಿತರಾಗಿ, ೧೦೫ ಜನರು ಮೃತರಾಗಿದ್ದರು. ಅಲ್ಲಿಂದ ತರಿಸಿದ ಹಂದಿಗಳ ಮೂಲಕ ಸಿಂಗಪುರದ ಕಸಾಯಿಖಾನೆಯ ೧೧ ಜನ ಕೆಲಸಗಾರರಿಗೂ ರೋಗವು ತಗಲಿ, ಒಬ್ಬನು ತೀರಿಕೊಂಡನು.

ಈ ವೈರಸ್ಸಿನ ಸಹಜವಾದ ಆಶ್ರಯವು ಹಣ್ಣು ತಿನ್ನುವ ದೊಡ್ಡ ಬಾವಲಿಗಳೆಂದು ಅನಂತರದ ಶೋಧನೆಯಿಂದ ಗೊತ್ತಾಯಿತು. ರೋಗವು ಮೊದಲು ಹುಟ್ಟಿದ ದೊಡ್ಡಿಯ ಗೂಡುಗಳ ಪಕ್ಕದಲ್ಲಿ ಮಾವು ಮೊದಲಾದ ಹಣ್ಣಿನ ಮರಗಳಿದ್ದುವು. ಬಾವಲಿಗಳು ಕಚ್ಚಿ ಬೀಳಿಸಿದ ಹಣ್ಣುಗಳಿಂದಲೋ, ಅವುಗಳ ಮೂತ್ರದಿಂದಲೋ ಸೋಂಕು ಹಂದಿಗಳಿಗೆ ತಗಲಿರಬೇಕೆಂದು ಶೋಧಕರು ಅಭಿಪ್ರಾಯಪಟ್ಟರು. ಸಣ್ಣ ಹಿಂಡಿನಲ್ಲಾಗಿದ್ದರೆ ಸೋಂಕು ತಾನಾಗಿ ಆರಿಹೋಗುತ್ತಿದ್ದಿತು. ಎಡೆಬಿಡದೆ ಹೊಸ ಮರಿಗಳು ಹುಟ್ಟುತ್ತಿದ್ದ ದೊಡ್ಡ ದೊಡ್ಡಿಯಲ್ಲಿ ಅದಕ್ಕೆ ಉರಿಯಲು ಸೌದೆಯು ಸದಾ ಸಿದ್ಧವಾಗಿದ್ದಿತು.

ಹಂದಿ ಸಾಕುವವರು ಅನುಸರಿಸತಕ್ಕ ಕ್ರಮಗಳು

ನಮ್ಮ ನೆರೆಯ ಕೇರಳದ ಕೋಳಿಕ್ಕೋಡು ಪ್ರದೇಶದಲ್ಲಿ ೨೦೧೮ರಲ್ಲಿ ಇದೇ ನಿಪಾ ರೋಗವು ಹಂದಿಗಳ ಸಂಬಂಧವಿಲ್ಲದೆಯೇ ತಲೆದೋರಿತು. ೨೦೨೦ರಲ್ಲಿ ಅಸ್ಸಾಮಿನಲ್ಲಿ ಕಾಣಿಸಿಕೊಂಡ ಆಫ್ರಿಕದ ಹಂದಿಜ್ವರವು ಮನುಷ್ಯರಿಗೆ ತಗಲುವುದಿಲ್ಲವಾದರೂ ಹಂದಿಗಳನ್ನು ಹಿಂಡುಹಿಂಡಾಗಿ ಕೊಲ್ಲತಕ್ಕದ್ದು. ಆದುದರಿಂದ ಈ ಕಸುಬಿನವರು ಕೆಳಗಿನ ಕ್ರಮಗಳನ್ನು ಅನುಸರಿಸುವುದು ಅವಶ್ಯಕವು:

(೧) ಗೂಡುಗಳ ಮೇಲಾಗಲಿ ಪಕ್ಕದಲ್ಲಾಗಲಿ ಹಣ್ಣಿನ ಮರಗಳಿರಕೂಡದು.

(೨) ಹೊಸದಾಗಿ ಕೊಂಡ ಹಂದಿಗಳನ್ನು ಕೆಲವು ವಾರಗಳ ಕಾಲ ಪ್ರತ್ಯೇಕವಾಗಿರಿಸಿ, ಅನಂತರ ಹಿಂಡಿಗೆ ಸೇರಿಸತಕ್ಕದ್ದು.

(೩) ಒಂದೇ ಸೂಜಿಯಿಂದ ಅನೇಕ ಹಂದಿಗಳಿಗೆ ಚುಚ್ಚುಮದ್ದು ಹಾಕಬಾರದು.

(೪) ಹುಟ್ಟು, ಸಾವು, ಕೊಂಡದ್ದು, ಮಾರಿದ್ದು ಇವುಗಳನ್ನು ತಾರೀಖಿನೊಡನೆ ಪುಸ್ತಕದಲ್ಲಿ ಬರೆದಿಡಬೇಕು. ಶೋಧನೆಗೆ ಬಂದ ಅಧಿಕಾರಿಗೆ ಇದಕ್ಕಿಂತ ಹೆಚ್ಚಿನ ಸಹಾಯವು ಬೇರೊಂದಿಲ್ಲ.

(೫) ಹಂದಿಗಳಲ್ಲಿ ಅಸಾಧಾರಣ ಕಾಯಿಲೆ ಕಂಡಕೂಡಲೆ ಹತ್ತಿರದ ಪಶುವೈದ್ಯರಿಗೆ ತಿಳಿಸಬೇಕು. ಕೆಲಸಗಾರರಿಗೂ ಜ್ವರವಿದ್ದರೆ ಅದನ್ನು ಮರೆಮಾಚಬಾರದು.

ರೋಗದ ಹಂದಿಯನ್ನು ಗುಟ್ಟಾಗಿ ಮಾರಿದವನು ತನ್ನ ನಷ್ಟವನ್ನು ತಪ್ಪಿಸಿಕೊಂಡೆನೆಂದು ತಿಳಿಯಬಹುದು. ಆದರೆ ಅವನು ರೋಗವನ್ನು ಇನ್ನೊಂದು ಊರಿಗೆ ಕಳುಹಿಸಿಕೊಟ್ಟಂತೆಯೇ ಸರಿ. ಮಲೇಷಿಯಾದಲ್ಲಿ ಆ ಹಂದಿಗಳು ತಲಪಿದ ಪ್ರಾಂತದಲ್ಲಿಯೇ ರೋಗವು ಅತಿಹೆಚ್ಚು ಜನರನ್ನು ಪೀಡಿಸಿತೆಂಬುದನ್ನು ಹಂದಿ ಸಾಕುವವರೆಲ್ಲರೂ ನೆನಪಿನಲ್ಲಿಡತಕ್ಕದ್ದು.