ಮದುಮಗಳ ರವಿಕೆಗೆ ಅಳತೆ ಹೇಳುವವರು ಯಾರು?

ಚಿಕ್ಕಬಳ್ಳಾಪುರದ ಸುತ್ತಮುತ್ತ ಮದುವೆ ಸೀಸನ್ ಶುರುವಾದರೆ ಟೈಲರ್ ಅಂಗಡಿಗಳಲ್ಲಿ ಹೆಚ್ಚು ವಾದ ನಡೆಯುವುದು ಕೂಲಿಗಲ್ಲ, ರವಿಕೆಯ ಬೆನ್ನಿಗೆ. ಹುಡುಗಿ ಮೊಬೈಲ್‌ನಲ್ಲಿ ಒಂದು ಡಿಸೈನ್ ತೋರಿಸುತ್ತಾಳೆ. ‘ಇಷ್ಟು ಡೀಪ್ ಬೇಡಮ್ಮ, ಮಂಟಪದಲ್ಲಿ ಹಿರಿಯರು ಇರ್ತಾರೆ’ ಅಂತ ಅಮ್ಮ. ‘ಈಗ ಇದೇ ಫ್ಯಾಷನ್, ಸ್ಕಂದಗಿರಿ ಹತ್ರ ಪ್ರೀ ವೆಡ್ಡಿಂಗ್ ಶೂಟ್‌ಗೆ ಚೆನ್ನಾಗಿರುತ್ತೆ’ ಅಂತ ಅತ್ತಿಗೆ. ‘ನಿನಗೆ ಯಾವುದು ಹಿತ?’ ಎಂದು ಕೇಳುವವರು ಕಡಿಮೆ.

ನನ್ನ ಅಕ್ಕನ ಮದುವೆಯಲ್ಲೂ ಹೀಗೇ ಆಯಿತು. ‘ತೋಳು ಮೊಣಕೈವರೆಗೆ ಇರಲಿ’ ಎಂದು ಗಂಡಿನ ಮನೆಯಿಂದ ಫೋನ್ ಬಂತು. ಭಾವನ ಬಟ್ಟೆ ಹೇಗಿರಬೇಕು ಎಂದು ನಮ್ಮ ಮನೆಯಿಂದ ಯಾರೂ ಫೋನ್ ಮಾಡಲಿಲ್ಲ. ಎಷ್ಟೋ ಮದುವೆಗಳಲ್ಲಿ ವರ ಬರಿಮೈಗೆ ಶಲ್ಯ ಹೊದ್ದು ಧಾರೆಗೆ ಕೂರುತ್ತಾನೆ. ಅದು ಶಾಸ್ತ್ರ. ಅಲ್ಲಿ ಮರ್ಯಾದೆಯ ಪ್ರಶ್ನೆ ಏಳುವುದಿಲ್ಲ.

‘ಇದು ನಮ್ಮ ಸಂಸ್ಕೃತಿ’ ಎನ್ನುವವರು ಸ್ವಲ್ಪ ಹಿಂದೆ ತಿರುಗಿ ನೋಡಬೇಕು. ಬಂಗಾಳದಲ್ಲಿ ಸೀರೆಯ ಜೊತೆ ರವಿಕೆ, ಒಳಲಂಗ ತೊಡುವುದು ರೂಢಿಗೆ ಬಂದದ್ದು 19ನೇ ಶತಮಾನದಲ್ಲಿ. ಅದರಲ್ಲಿ ರವೀಂದ್ರನಾಥ ಟ್ಯಾಗೋರರ ಅತ್ತಿಗೆ ಜ್ಞಾನದಾನಂದಿನಿ ದೇವಿಯವರ ಪಾತ್ರ ದೊಡ್ಡದು. ಬಾಂಬೆಯ ಪಾರ್ಸಿ ಹೆಂಗಸರನ್ನು ನೋಡಿ ಅವರು ಸೀರೆ ಉಡುವ ಕ್ರಮವನ್ನೇ ಬದಲಿಸಿಕೊಂಡರು. ಇತ್ತ ತಿರುವಾಂಕೂರಿನಲ್ಲಿ ನಾಡಾರ್ ಹೆಣ್ಣುಮಕ್ಕಳು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿಯೇ ದಶಕಗಳ ಕಾಲ ಹೋರಾಡಬೇಕಾಯಿತು. ರಾಜಾಜ್ಞೆ ಹೊರಬಿದ್ದದ್ದು 1859ರಲ್ಲಿ. ಅಂದು ‘ಮುಚ್ಚಬೇಡ’, ಇಂದು ‘ಮುಚ್ಚು’. ಹೇಳುವವರು ಬದಲಾದರು, ಕೇಳಬೇಕಾದವಳು ಮಾತ್ರ ಹೆಣ್ಣೇ.

ಜಾಹೀರಾತುಗಳ ಕಥೆಯೂ ಅಷ್ಟೇ. 2021ರ ಅಕ್ಟೋಬರ್‌ನಲ್ಲಿ ವಸ್ತ್ರವಿನ್ಯಾಸಕ ಸಬ್ಯಸಾಚಿ ಅವರ ಮಂಗಳಸೂತ್ರದ ಜಾಹೀರಾತು ಇನ್‌ಸ್ಟಾಗ್ರಾಂನಲ್ಲಿ ಬಂದಾಗ, ರೂಪದರ್ಶಿಯ ಉಡುಪು ಅಶ್ಲೀಲ ಎಂದು ಗದ್ದಲವೆದ್ದಿತು. ಮಧ್ಯಪ್ರದೇಶದ ಅಂದಿನ ಗೃಹ ಸಚಿವ ನರೋತ್ತಮ ಮಿಶ್ರಾ 24 ಗಂಟೆಗಳ ಗಡುವು ಕೊಟ್ಟರು. ಜಾಹೀರಾತನ್ನು ಹಿಂದಕ್ಕೆ ಪಡೆಯಲಾಯಿತು.

ಹಾಗೆಂದು ಜಾಹೀರಾತಿನವರೆಲ್ಲ ಹೆಣ್ಣಿನ ಸ್ವಾತಂತ್ರ್ಯದ ಪರ ಎಂದುಕೊಳ್ಳುವಂತಿಲ್ಲ. ‘ಬ್ರೈಡಲ್ ಬ್ಲೌಸ್’ ಎಂದು ಒಮ್ಮೆ ಹುಡುಕಿದರೆ ಸಾಕು, ವಾರಗಟ್ಟಲೆ ಫೋನ್ ತುಂಬ ಅದೇ ತೆಳ್ಳನೆ ಸೊಂಟ, ಅದೇ ಬಿಳಿ ಮೈಬಣ್ಣ, ಬೆನ್ನಿಗೆ ಎರಡು ದಾರ. ಅವುಗಳನ್ನು ನೋಡಿ ಮದುವೆಗೆ ಎರಡು ತಿಂಗಳು ಮುಂಚೆಯೇ ರಾತ್ರಿ ಊಟ ಬಿಟ್ಟವರು ನನ್ನ ಗೆಳತಿಯರಲ್ಲೇ ಇದ್ದಾರೆ. ‘ಮುಚ್ಚು’ ಎನ್ನುವುದು ಅಪ್ಪಣೆಯಾದರೆ, ‘ಹೀಗೇ ಕಾಣು’ ಎನ್ನುವುದೂ ಅಪ್ಪಣೆಯೇ.

ಇದಕ್ಕೆ ದಾರಿ ಇಲ್ಲದಿಲ್ಲ. ಭಾರತೀಯ ಜಾಹೀರಾತು ಮಾನದಂಡ ಮಂಡಳಿ (ಎಎಸ್‌ಸಿಐ) 2022ರ ಜೂನ್‌ನಲ್ಲಿ ಲಿಂಗ ತಾರತಮ್ಯದ ಚಿತ್ರಣದ ವಿರುದ್ಧ ಮಾರ್ಗಸೂಚಿ ಹೊರಡಿಸಿದೆ. ಹೆಣ್ಣನ್ನು ವಸ್ತುವಿನಂತೆ ತೋರಿಸುವ ಜಾಹೀರಾತು ಕಂಡರೆ ಯಾರು ಬೇಕಾದರೂ ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ಆದರೆ ಮನೆಯೊಳಗಿನ ಒತ್ತಡಕ್ಕೆ ಮಂಡಳಿ ಇಲ್ಲ, ಅದನ್ನು ನಾವೇ ನಿಭಾಯಿಸಬೇಕು.

ಮದುಮಗಳು ತುಂಬು ತೋಳು ಕೇಳಿದರೆ ‘ಹಳೇ ಕಾಲದವಳು’ ಎನ್ನುವುದು ಬೇಡ. ಬೆನ್ನು ತೆರೆದಿರಲಿ ಎಂದರೆ ‘ನಾಚಿಕೆ ಇಲ್ಲದವಳು’ ಎನ್ನುವುದೂ ಬೇಡ. ಶಿಡ್ಲಘಟ್ಟದಲ್ಲಿ ಬಿಸಿನೀರಿಗೆ ಕೈಯಿಟ್ಟು ಗೂಡಿನಿಂದ ನೂಲು ತೆಗೆಯುವ ಹೆಣ್ಣುಮಕ್ಕಳ ಶ್ರಮ ಧಾರೆ ಸೀರೆಯಲ್ಲಿದೆ. ಅದನ್ನು ಉಡುವವಳ ಇಷ್ಟಕ್ಕೂ ಅದರಲ್ಲಿ ಜಾಗವಿರಲಿ.

ಹುಡುಗರಿಗೂ ಒಂದು ಮಾತು. ನಿಮ್ಮ ಮನೆಯಿಂದ ಹುಡುಗಿಯ ಮನೆಗೆ ಇಂಥ ಫೋನ್ ಹೋಗುವ ಮುಂಚೆ ‘ಅದು ಅವಳಿಷ್ಟ, ಬಿಡಿ’ ಎಂದು ಹೇಳಬೇಕಾದವರು ನೀವೇ. ಮದುವೆಯ ಎಲ್ಲ ಖರ್ಚುಗಳ ನಡುವೆ ಖರ್ಚೇ ಇಲ್ಲದ ಮಾತು ಅದೊಂದೇ.