ದೋಸೆ ಕಾವಲಿಯಿಂದ ಕ್ರೀಡಾಂಗಣದ ಚಾವಣಿಗೆ

ಕತಾರಿನ ಅಲ್ ವುಕೈರ್‌ನಿಂದ ಮಾತನಾಡುತ್ತಿದ್ದೇನೆ. ದಿನಬಳಕೆಯ ವಸ್ತುಗಳಲ್ಲಿ, ಕಟ್ಟಡಗಳಲ್ಲಿ ಬಳಕೆಗೆ ಬಂದಿರುವ ಹೊಸ ಬಗೆಯ ಸಾಮಗ್ರಿಗಳ ಬಗ್ಗೆ ಇಂದು ತಿಳಿದುಕೊಳ್ಳೋಣ. ಇದು ಎಂಜಿನಿಯರುಗಳ ವಿಷಯ, ನಮಗೇಕೆ ಎನ್ನಬೇಡಿ. ಕೊಲ್ಲಿಗೆ ಬಂದ ಎಷ್ಟೋ ಕನ್ನಡ ಕುಟುಂಬಗಳ ಉಳಿತಾಯ ಹೋಗಿ ಸೇರುವುದು ಊರಿನಲ್ಲಿ ಕಟ್ಟುವ ಒಂದು ಮನೆಗೆ. ಆ ಮನೆಯನ್ನು ಯಾವುದರಿಂದ ಕಟ್ಟೋಣ ಎಂಬ ಮಾತು ನಿಮ್ಮಲ್ಲೂ ಒಂದು ದಿನ ಬರುತ್ತದೆ. ಆಗ ನೀವು ಸುಮ್ಮನೆ ತಲೆಯಾಡಿಸದೆ ಕೆಲವು ಪ್ರಶ್ನೆ ಕೇಳಬೇಕು ಎಂಬುದು ನನ್ನ ಆಸೆ.

ಅಡುಗೆಮನೆಯಿಂದಲೇ ಶುರು ಮಾಡೋಣ. ನಾನ್‌ಸ್ಟಿಕ್ ಕಾವಲಿಯ ಮೇಲೆ ಒಂದು ಲೇಪ ಇರುತ್ತದಲ್ಲ, ಅದರ ಹೆಸರು ಪಿಟಿಎಫ್‌ಇ. ನಾವೆಲ್ಲ ಟೆಫ್ಲಾನ್ ಎನ್ನುತ್ತೇವೆ. 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಎಂಬ ರಸಾಯನ ವಿಜ್ಞಾನಿ ಫ್ರಿಜ್ಜಿಗೆ ಬೇಕಾದ ಅನಿಲದ ಮೇಲೆ ಕೆಲಸ ಮಾಡುತ್ತಿದ್ದಾಗ ಸಿಲಿಂಡರಿನೊಳಗೆ ಜಾರುವಂಥ ಬಿಳಿ ಪುಡಿಯಾಗಿ ಇದು ಸಿಕ್ಕಿತು. ಇದರಲ್ಲಿ ಇಂಗಾಲ ಮತ್ತು ಫ್ಲೋರಿನ್ ಪರಮಾಣುಗಳು ಬಹಳ ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ಅದಕ್ಕೇ ಬೇರೆ ಯಾವುದೂ ಸುಲಭವಾಗಿ ಅಂಟುವುದಿಲ್ಲ. 1950ರ ದಶಕದಲ್ಲಿ ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್ ಇದನ್ನು ಮೀನಿನ ಗಾಳದ ಸಲಕರಣೆಗಳಿಗೆ ಬಳಸುತ್ತಿದ್ದರು. ಅಡುಗೆ ಪಾತ್ರೆಗೂ ಹಚ್ಚಬಹುದಲ್ಲ ಎಂದು ಹೊಳೆದದ್ದು ಅವರ ಪತ್ನಿ ಕೊಲೆಟ್‌ಗೆ!

ನಮ್ಮ ಅಜ್ಜಿಯರ ಕಬ್ಬಿಣದ ಕಾವಲಿಯೂ ಇದೇ ಕೆಲಸವನ್ನು ಬೇರೆ ದಾರಿಯಲ್ಲಿ ಮಾಡುತ್ತದೆ. ಎಣ್ಣೆ ಸವರಿ ಕಾಯಿಸುತ್ತಾ ಹೋದಂತೆ ಎಣ್ಣೆ ಗಟ್ಟಿ ಪದರವಾಗಿ ಕಬ್ಬಿಣಕ್ಕೆ ಕೂತುಬಿಡುತ್ತದೆ. ಅದನ್ನೇ ಕಾವಲಿ ಪಳಗುವುದು ಎನ್ನುತ್ತೇವೆ. ಲೇಪ ಕಿತ್ತುಹೋದ ನಾನ್‌ಸ್ಟಿಕ್ ಕಾವಲಿ ಕಸದ ಬುಟ್ಟಿಗೆ ಹೋಗುತ್ತದೆ. ಕಬ್ಬಿಣದ್ದನ್ನು ತಿಕ್ಕಿ ಮತ್ತೆ ಪಳಗಿಸಬಹುದು. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಈಗ ಅದೇ ಪಿಟಿಎಫ್‌ಇಯನ್ನು ನೋಡಲು ಮನೆಯಿಂದ ಹೊರಗೆ ಬನ್ನಿ. ಇಲ್ಲಿಗೆ ಹತ್ತಿರದ ಅಲ್ ವಕ್ರಾದ ಅಲ್ ಜನೂಬ್ ಕ್ರೀಡಾಂಗಣವನ್ನು ವಿಶ್ವಕಪ್ ಫುಟ್‌ಬಾಲಿನ ಸಮಯದಲ್ಲಿ ನೀವು ಟಿವಿಯಲ್ಲಿ ನೋಡಿರಬಹುದು. ಜಹಾ ಹದೀದ್ ಅವರ ಸಂಸ್ಥೆ ವಿನ್ಯಾಸ ಮಾಡಿದ ಇದು 2019ರ ಮೇ ತಿಂಗಳಲ್ಲಿ ತೆರೆಯಿತು. ಮುತ್ತು ತೆಗೆಯಲು, ಮೀನು ಹಿಡಿಯಲು ಹೋಗುತ್ತಿದ್ದ ಧೋ ಹಡಗಿನ ಹಾಯಿಯೇ ಇದರ ರೂಪಕ್ಕೆ ಪ್ರೇರಣೆ. ತೆರೆದು ಮುಚ್ಚುವ ಚಾವಣಿಯ ನಡುಭಾಗ ನಿಜಕ್ಕೂ ಬಟ್ಟೆಯದೇ. ಇಂಥ ಬಟ್ಟೆಯನ್ನು ಸಾಮಾನ್ಯವಾಗಿ ಗಾಜಿನ ಎಳೆಗಳಿಂದ ನೇಯ್ದು, ಎರಡೂ ಬದಿಗೆ ಪಿಟಿಎಫ್‌ಇ ಹಚ್ಚಿ ತಯಾರಿಸುತ್ತಾರೆ. ದಪ್ಪ ಸುಮಾರು ಒಂದು ಮಿಲಿಮೀಟರ್. ಗಾಜಿನ ಎಳೆ ಬಲ ಕೊಡುತ್ತದೆ, ಲೇಪ ಬಿಸಿಲು ಮತ್ತು ಧೂಳಿನಿಂದ ಕಾಪಾಡುತ್ತದೆ. ಬಿಸಿಲಿನ ಹೆಚ್ಚಿನ ಪಾಲು ಹೊರಗೇ ಚಿಮ್ಮಿಹೋಗುತ್ತದೆ, ಸ್ವಲ್ಪ ಬೆಳಕು ಒಳಗೆ ಬರುತ್ತದೆ. ಆದರೆ ಹಳೆಯದಾದ ಮೇಲೆ ಗಾಜನ್ನೂ ಲೇಪವನ್ನೂ ಬೇರ್ಪಡಿಸಿ ಮರುಬಳಕೆ ಮಾಡುವುದು ಕಷ್ಟ.

ಈ ಪ್ರಶ್ನೆಗೆ ದೋಹಾದ 974 ಕ್ರೀಡಾಂಗಣ ಬೇರೆಯದೇ ಉತ್ತರ ಕೊಟ್ಟಿತು. ಅದರ ನಿರ್ಮಾಣಕ್ಕೆ 974 ಹಡಗು ಕಂಟೇನರುಗಳನ್ನು ಬಳಸಿದರು. 974 ಎಂದರೆ ಕತಾರಿನ ದೂರವಾಣಿ ಕೋಡ್ ಕೂಡ. ಬಿಚ್ಚಿ ಬೇರೆಡೆ ಬಳಸಬಹುದಾದ ಹಾಗೆ ಮೊದಲೇ ಯೋಚಿಸಿ ಕಟ್ಟಿದ್ದು ಅದರ ವಿಶೇಷ. ಅಲ್ಲಿ ಹೊಸದು ಉಕ್ಕಲ್ಲ, ಆ ಮುಂದಾಲೋಚನೆ.

ಇನ್ನು ಊರಿನ ಕಡೆ ಹೋಗೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತು. ಹಳ್ಳಿಗಳಿಗೆ ವಿಜ್ಞಾನವನ್ನು ತಲುಪಿಸುವುದು ಅದರ ಉದ್ದೇಶ. ಹೊಗೆ ಕಡಿಮೆ ಮಾಡಿದ 'ಅಸ್ತ್ರ ಒಲೆ' ನಿಮ್ಮ ಅಜ್ಜಿಗೆ ನೆನಪಿರಬಹುದು. ಅಲ್ಲೇ ಕೆ.ಎಸ್. ಜಗದೀಶ್ ಮತ್ತು ಜೊತೆಗಾರರು ಸುಡದ ಮಣ್ಣಿನ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಮಣ್ಣಿಗೆ ಬೇಕಾದಷ್ಟು ಮರಳು, ಶೇಕಡ 7ರ ಆಸುಪಾಸು ಸಿಮೆಂಟು ಬೆರೆಸಿ, ಸ್ವಲ್ಪ ನೀರು ಹಾಕಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತುತ್ತಾರೆ. ಆಮೇಲೆ ಕೆಲವು ವಾರ ನೀರುಣಿಸಿ ಗಟ್ಟಿಯಾಗಲು ಬಿಡುತ್ತಾರೆ. ಗೂಡಿಗೆ ಹಾಕಿ ಸುಡುವುದೇ ಇಲ್ಲ. ಸೌದೆ, ಕಲ್ಲಿದ್ದಲು ಎರಡೂ ಉಳಿಯುತ್ತವೆ. ಪಾಯಕ್ಕೆ ತೋಡಿದ ಮಣ್ಣು ತಕ್ಕದ್ದಾಗಿದ್ದರೆ ಅದರಿಂದಲೇ ಗೋಡೆ ಏಳಿಸಬಹುದು. ಬೆಂಗಳೂರಿನಲ್ಲಿ ಇಂಥ ಇಟ್ಟಿಗೆಯ ಮಹಡಿ ಮನೆಗಳೇ ಇವೆ.

ಹಾಗೆಂದು ಇದು ಎಲ್ಲ ಕಡೆಗೂ ಮದ್ದಲ್ಲ. ಉತ್ತರ ಕರ್ನಾಟಕದ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದನ್ನು ಹಾಗೇ ಬಳಸಲು ಬರುವುದಿಲ್ಲ. ಮಳೆ ಜಾಸ್ತಿ ಇರುವಲ್ಲಿ ಗೋಡೆಗೆ ನೀರು ಬಡಿಯದಂತೆ ಸೂರು ಮುಂದಕ್ಕೆ ಚಾಚಿರಬೇಕು. ಕರಾವಳಿಯವರಿಗೆ ಬೇರೆ ದಾರಿಯಿದೆ. ಅಲ್ಲಿನ ಮುರಕಲ್ಲು ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಅದರ ಮೇಲಿನ ಮಂಗಳೂರು ಹಂಚು ಕೂಡ ಒಂದು ಕಾಲದ ಹೊಸ ವಸ್ತುವೇ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಅದು ಹಬ್ಬಿತು.

ನಮ್ಮ ಭಾಷೆಯಲ್ಲೇ ಒಂದು ತಮಾಷೆ ನೋಡಿ. ಕೆಟ್ಟುಹೋದದ್ದನ್ನು 'ಮಣ್ಣುಪಾಲಾಯಿತು' ಎನ್ನುತ್ತೇವೆ, ಅಭಿಮಾನ ಬಂದಾಗ 'ನಮ್ಮ ಮಣ್ಣು' ಎನ್ನುತ್ತೇವೆ. ಮನೆ ಕಟ್ಟುವಾಗ ಮಾತ್ರ ಮೊದಲನೆಯ ಮಾತೇ ಗೆಲ್ಲುತ್ತದೆ. ಮಣ್ಣಿನ ಮನೆ ಬಡವರದ್ದು, ಗಾಜಿನ ಮುಖದ ಮನೆ ಕೊಲ್ಲಿಯಲ್ಲಿ ದುಡಿದವರದ್ದು ಎಂಬ ಭಾವನೆ ಇನ್ನೂ ಹೋಗಿಲ್ಲ. ದೋಹಾದ ಗಾಜಿನ ಗೋಪುರಗಳ ಒಳಗೆ ಏಸಿ ಓಡುತ್ತಲೇ ಇರಬೇಕು. ಆ ಗಾಜನ್ನು ಊರಿಗೆ ಒಯ್ದರೆ, ಏಪ್ರಿಲ್ ತಿಂಗಳಲ್ಲಿ ಕರೆಂಟು ಹೋದಾಗ ಒಳಗೆ ಕೂತು ಬೇಯುವವರು ಯಾರು? ಅಲ್ಲಿ ಉಳಿದಿರುವ ಅಜ್ಜ ಅಜ್ಜಿ ತಾನೆ?

ಆದ್ದರಿಂದ ಯಾವ ಸಾಮಗ್ರಿ ಎದುರಿಗೆ ಬಂದರೂ ಮೂರು ಪ್ರಶ್ನೆ ಕೇಳಿ. ಈ ಜಾಗದ ಬಿಸಿಲು, ಮಳೆಗೆ ಇದು ಹೇಗೆ ನಿಲ್ಲುತ್ತದೆ? ಇದನ್ನು ತಯಾರಿಸಲು ಎಷ್ಟು ಉರಿಸಬೇಕು, ಎಷ್ಟು ದೂರದಿಂದ ತರಬೇಕು? ಇದರ ಕೆಲಸ ಮುಗಿದ ಮೇಲೆ ಏನಾಗುತ್ತದೆ? ಕಾವಲಿಗೂ ಕ್ರೀಡಾಂಗಣಕ್ಕೂ ಊರಿನ ಮನೆಗೂ ಇವೇ ಪ್ರಶ್ನೆ ಸಾಕು.

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆ ಕೇಳಿದ್ದೀರಲ್ಲ? ಕಟ್ಟುವ ಮುನ್ನ ಕೇಳಿ ನೋಡುವುದೂ ಒಳ್ಳೆಯದು. ಈ ವಾರ ಊರಿಗೆ ಫೋನ್ ಮಾಡಿದಾಗ, ಹಳೆಯ ಮನೆಯ ಗೋಡೆ ಯಾವುದರಿಂದ ಕಟ್ಟಿದ್ದು, ಅದರ ಮಣ್ಣು ಅಥವಾ ಕಲ್ಲು ಎಲ್ಲಿಂದ ಬಂತು ಎಂದು ಅಜ್ಜನನ್ನು ಕೇಳಿ. ಅವರು ಹೇಳುವ ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ಮನೆ ಕಟ್ಟುವ ಮಾತು ಬಂದಾಗ ಉಪಯೋಗಕ್ಕೆ ಬರುತ್ತವೆ.