ಆಟಗಾರರ ವಯಸ್ಸು ವಿಚಾರಣೆಗೆ ಕಾಯದು

ಆಸ್ತಿ ವ್ಯಾಜ್ಯ ಹತ್ತು ವರ್ಷ ನಡೆದರೂ ಜಮೀನು ಇದ್ದಲ್ಲೇ ಇರುತ್ತದೆ. ಆದರೆ ಓಟಗಾರ್ತಿಯೊಬ್ಬಳ ಪ್ರಕರಣ ಎರಡು ವರ್ಷ ಎಳೆದರೆ, ತೀರ್ಪು ಅವಳ ಪರವಾಗಿಯೇ ಬಂದರೂ ಅಷ್ಟರಲ್ಲಿ ಅವಳ ಉತ್ತಮ ದಿನಗಳು ಮುಗಿದಿರುತ್ತವೆ. ಕ್ರೀಡಾ ವ್ಯಾಜ್ಯಗಳಿಗೆ ಪ್ರತ್ಯೇಕ ನ್ಯಾಯಮಂಡಳಿ ಏಕೆ ಬೇಕು ಎಂಬುದಕ್ಕೆ ಇಷ್ಟು ಕಾರಣ ಸಾಕು.

2025ರ ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಮಸೂದೆಯನ್ನು ಅಂಗೀಕರಿಸಿತು. ಅದೇ ತಿಂಗಳು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಅದಕ್ಕೆ ಮೊದಲು ಇದ್ದದ್ದು 2011ರ ಕ್ರೀಡಾ ಅಭಿವೃದ್ಧಿ ಸಂಹಿತೆ. ಅದು ಸರ್ಕಾರದ ಮಾರ್ಗಸೂಚಿಯೇ ಹೊರತು ಕಾಯ್ದೆಯಲ್ಲ. ಹಾಗಾಗಿ ಫೆಡರೇಷನ್‌ಗಳು ಅದನ್ನು ಮುರಿದಾಗಲೆಲ್ಲ ಹೈಕೋರ್ಟ್ ಮೆಟ್ಟಿಲೇ ಗತಿಯಾಗಿತ್ತು. 2012ರಲ್ಲಿ ಟೆನಿಸ್ ಸಂಸ್ಥೆ ನಿಷೇಧ ಹೇರಿದಾಗ ಮಹೇಶ್ ಭೂಪತಿ ಮತ್ತು ನಮ್ಮ ಕೊಡಗಿನ ರೋಹನ್ ಬೋಪಣ್ಣ ಕರ್ನಾಟಕ ಹೈಕೋರ್ಟ್‌ನಿಂದ ತಡೆಯಾಜ್ಞೆ ತರಬೇಕಾಯಿತು. ಅವರಿಗೆ ಹೆಸರಿತ್ತು, ವಕೀಲರಿದ್ದರು. ಜಿಲ್ಲಾ ಮಟ್ಟದ ಕಬಡ್ಡಿ ಆಟಗಾರ ಎಲ್ಲಿಗೆ ಹೋಗಬೇಕು?

ಆಡಳಿತ ಕೆಟ್ಟರೆ ದಂಡ ತೆರುವವರು ಆಟಗಾರರೇ. 2022ರಲ್ಲಿ ಫಿಫಾ ನಮ್ಮ ಫುಟ್‌ಬಾಲ್ ಫೆಡರೇಷನ್ನನ್ನು ಅಮಾನತು ಮಾಡಿತು. 2023ರಲ್ಲಿ ಕುಸ್ತಿ ಫೆಡರೇಷನ್ ಅಧ್ಯಕ್ಷರ ವಿರುದ್ಧ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ಕುಸ್ತಿಪಟುಗಳು ಜಂತರ್ ಮಂತರ್‌ನಲ್ಲಿ ಕೂತರು. ಮುಂದೆ ಫೆಡರೇಷನ್ ಚುನಾವಣೆ ತಡವಾಗಿ ಅಂತರರಾಷ್ಟ್ರೀಯ ಸಂಸ್ಥೆ ಅಮಾನತು ಹೇರಿತು. ಆ ವರ್ಷ ಅಂತಿಮ್ ಪಂಘಾಲ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದದ್ದು ತ್ರಿವರ್ಣ ಧ್ವಜದಡಿ ಅಲ್ಲ!

ಹೊಸ ಕಾಯ್ದೆ ಮೂರು ವ್ಯವಸ್ಥೆಗಳನ್ನು ತರುತ್ತದೆ: ಫೆಡರೇಷನ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಕ್ರೀಡಾ ಮಂಡಳಿ, ಚುನಾವಣೆ ನೋಡಿಕೊಳ್ಳುವ ಸಮಿತಿ ಮತ್ತು ವ್ಯಾಜ್ಯ ತೀರ್ಮಾನಿಸುವ ಮೂವರು ಸದಸ್ಯರ ರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ. ನ್ಯಾಯಮಂಡಳಿಯ ಆದೇಶದ ವಿರುದ್ಧ 30 ದಿನಗಳಲ್ಲಿ ಸುಪ್ರೀಂ ಕೋರ್ಟ್‌ಗೆ ಮೇಲ್ಮನವಿ ಸಲ್ಲಿಸಬಹುದು. ಫೆಡರೇಷನ್‌ಗಳ ಕಾರ್ಯಕಾರಿ ಸಮಿತಿ 15 ಜನರನ್ನು ಮೀರುವಂತಿಲ್ಲ. ಅದರಲ್ಲಿ ಕನಿಷ್ಠ ನಾಲ್ವರು ಮಹಿಳೆಯರು ಇರಬೇಕು, ಕ್ರೀಡಾಪಟುಗಳಿಗೂ ಸ್ಥಾನ ಇರಬೇಕು. ಆದರೆ ಎಲ್ಲ ವ್ಯಾಜ್ಯಗಳೂ ಇಲ್ಲಿಗೆ ಬರುವುದಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಗ್ರಾಂ ಹೆಚ್ಚು ತೂಕಕ್ಕೆ ಅನರ್ಹರಾದ ವಿನೇಶ್ ಫೋಗಟ್ ಅವರಂಥ ಪ್ರಕರಣ ಮುಂದೆಯೂ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯದ್ದೇ.

ಉದ್ಯೋಗ ಹುಡುಕುವ ನಮಗೂ ಇದರಲ್ಲಿ ಪಾಲಿದೆ. ಕ್ರೀಡಾ ಕೋಟಾದಡಿ ರೈಲ್ವೆಗೋ ಪೊಲೀಸ್ ಇಲಾಖೆಗೋ ಅರ್ಜಿ ಹಾಕುವಾಗ ಮಾನ್ಯತೆ ಪಡೆದ ಸಂಸ್ಥೆಯ ಪ್ರಮಾಣಪತ್ರ ಕೇಳುತ್ತಾರೆ. ಒಂದೇ ಕ್ರೀಡೆಗೆ ಎರಡು ಬಣ, ಎರಡು ಸಂಸ್ಥೆ, ಎರಡು ಮೊಹರು ಇದ್ದರೆ ಬೆವರು ಸುರಿಸಿ ಗೆದ್ದ ಪದಕವೂ ಅರ್ಜಿಯಲ್ಲಿ ಬರೀ ಕಾಗದವಾಗುತ್ತದೆ. ಯಾವ ಸಂಸ್ಥೆಗೆ ಮಾನ್ಯತೆ ಎಂಬುದು ಕಾನೂನಿನಂತೆ ಬೇಗ ತೀರ್ಮಾನವಾದರೆ ಅದರ ಮೊದಲ ಲಾಭ ಹಳ್ಳಿಯ ಆಟಗಾರರಿಗೆ.

ಹಾಗೆಂದು ಎಲ್ಲವೂ ಸರಿಹೋಯಿತು ಎನ್ನಲಾಗದು. ಮಂಡಳಿಯ ಸದಸ್ಯರನ್ನು ನೇಮಿಸುವುದು ಕೇಂದ್ರ ಸರ್ಕಾರ. ಫೆಡರೇಷನ್ ರಾಜಕೀಯದ ಜಾಗಕ್ಕೆ ಸರ್ಕಾರದ ರಾಜಕೀಯ ಬಂದರೆ ಪ್ರಯೋಜನವೇನು? ಸರ್ಕಾರದ ನೆರವು ಪಡೆಯುವ ಸಂಸ್ಥೆಗಳಿಗಷ್ಟೇ ಮಾಹಿತಿ ಹಕ್ಕು ಅನ್ವಯವಾಗುವುದರಿಂದ ಶ್ರೀಮಂತ ಬಿಸಿಸಿಐ ಅದರಾಚೆ ಉಳಿದಿದೆ. ನ್ಯಾಯಕ್ಕಾಗಿ ದೆಹಲಿಗೇ ಹೋಗಬೇಕೆಂದಾದರೆ ಬೀದರ್, ಚಾಮರಾಜನಗರದ ಹುಡುಗರಿಗೆ ಅದು ಹೈಕೋರ್ಟ್‌ಗಿಂತಲೂ ದೂರ. ಆನ್‌ಲೈನ್ ವಿಚಾರಣೆ, ಕಡಿಮೆ ಶುಲ್ಕ, ಕನ್ನಡದಲ್ಲೂ ಅರ್ಜಿ ಸಲ್ಲಿಸುವ ಅವಕಾಶ ಬೇಕು.

ಕಾಲೇಜು ತಂಡದಲ್ಲಿ ಆಡುವವರು ತಮ್ಮ ಕ್ರೀಡೆಯ ರಾಜ್ಯ ಸಂಸ್ಥೆಗೆ ಮಾನ್ಯತೆ ಇದೆಯೇ, ದೂರು ಕೊಡಬೇಕಾದರೆ ಯಾರಿಗೆ ಎಂದು ಈಗಲೇ ವಿಚಾರಿಸಿಡುವುದು ಒಳ್ಳೆಯದು. ಕಾನೂನು ಓದುತ್ತಿರುವ ಗೆಳೆಯರು ಈ ಕಾಯ್ದೆಯನ್ನೊಮ್ಮೆ ಓದಿ ಅವರಿಗೆ ನೆರವಾಗಬಹುದು. ಕ್ರೀಡಾ ಕಾನೂನು ಬಲ್ಲ ವಕೀಲರ ಅಗತ್ಯ ಇನ್ನು ಮುಂದೆ ಹೆಚ್ಚಲಿದೆ.